ಬೆಳ್ಳಿ ಒಳಗೆ, ತೊಗಲು ಹೊರಗೆ

ನಮ್ಮ ಕಡೆಯ ಮನೆಗಳಲ್ಲಿ ಬೆಳ್ಳಿಗೂ ತೊಗಲಿಗೂ ಬೇರೆ ಬೇರೆ ಜಾಗ. ಬೆಳ್ಳಿ ದೇವರ ಮನೆಯಲ್ಲಿ: ದೀಪ, ಆರತಿ ತಟ್ಟೆ, ಇಷ್ಟಲಿಂಗ ಇಡುವ ಅಜ್ಜನ ಕಾಲದ ಕರಡಿಗೆ. ತೊಗಲು ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನಲ್ಲಿ. ಬೆಲ್ಟು, ಪರ್ಸು ಇವೆರಡಕ್ಕೆ ಮಾತ್ರ ನಡುಮನೆಯ ತನಕ ಬರುವ ಅನುಮತಿ. ಪೂಜೆಗೆ ಕೂರುವ ಮುಂಚೆ ಅವನ್ನೂ ಬಿಚ್ಚಿಡಬೇಕು. ಹೀಗೇ ಇರಬೇಕು ಅಂತ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಿಲ್ಲ. ಚಿಕ್ಕಂದಿನಿಂದ ನೋಡಿ ನೋಡಿ ಬಂದದ್ದು. ಇಷ್ಟು ವರ್ಷ ಅದರ ಬಗ್ಗೆ ನಾನು ಯೋಚನೆಯನ್ನೂ ಮಾಡಿರಲಿಲ್ಲ. ಅಕ್ಕನ ಮಗ ಜಪಾನಿನ ಒಂದು ವಾಲೆಟ್ ತಂದ ನೋಡಿ, ಅಲ್ಲಿಂದ ಶುರುವಾಯಿತು. ಅದರಲ್ಲಿ ತೊಗಲೂ ಇದೆ, ಬೆಳ್ಳಿಯೂ ಇದೆ. ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದ್ದಾರೆ. ಈಗ ಅದನ್ನ ಎಲ್ಲಿ ಇಡಬೇಕು?

ಮೊದಲು ವಸ್ತು ಹೇಗಿದೆ ಅಂತ ಹೇಳಿಬಿಡುತ್ತೇನೆ. ಉದ್ದ ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಹೊರಮೈ ತೊರಕೆ ಮೀನಿನ ತೊಗಲು. ಕರಾವಳಿಯವರಿಗೆ ಗೊತ್ತಿರುತ್ತದೆ, ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು. ಬೆಣ್ಣೆದೋಸೆ ಊರು ದಾವಣಗೆರೆಯವರಾದ ನಮಗೆ ಮೀನೇ ದೂರ, ಇನ್ನು ಅದರ ತೊಗಲು ಯಾರಿಗೆ ಗೊತ್ತು. ಮುಟ್ಟಿದರೆ ತೊಗಲು ಅಂತ ಅನ್ನಿಸುವುದೇ ಇಲ್ಲ. ಮೈತುಂಬ ಗಟ್ಟಿಯಾದ ಸಣ್ಣ ಕಾಳುಗಳು, ರಾಗಿಗಿಂತ ಚಿಕ್ಕವು, ಒತ್ತೊತ್ತಾಗಿ ಕೂತಿವೆ. ಅವು ಹಲ್ಲಿನ ಜಾತಿಯ ವಸ್ತುವಂತೆ. ಅದಕ್ಕೇ ಬೀಗದಕೈ ತಾಗಿದರೂ ಗೀರು ಬೀಳುವುದಿಲ್ಲ. ಬೆನ್ನಿನ ನಡುಭಾಗದಲ್ಲಿ ಕೆಲವು ಕಾಳು ಮಾತ್ರ ದಪ್ಪ, ಬಿಳಿ. ಅದು ವಾಲೆಟ್ಟಿನ ಸರಿಯಾಗಿ ನಡುವೆ ಬರುವ ಹಾಗೆ ಕತ್ತರಿಸಿದ್ದಾರೆ. ಜಪಾನಿನಲ್ಲಿ ಕತ್ತಿಯ ಹಿಡಿಗೆ ಈ ತೊಗಲನ್ನೇ ಸುತ್ತುತ್ತಿದ್ದರು, ಕೈ ಜಾರಬಾರದು ಅಂತ. ಒಳಗಡೆ ಹಸುವಿನ ತೊಗಲು, ಜೇನಿನ ಬಣ್ಣ. ಮುಚ್ಚುವ ಕಡೆ ಒಂದು ಬೆಳ್ಳಿ ಬಿಲ್ಲೆ, ಅದರ ಮೇಲೆ ಸೂರ್ಯನ ಕೆತ್ತನೆ, ಕೆತ್ತನೆಯ ಸಂದುಗಳೆಲ್ಲ ಕಪ್ಪು. ಒಂದು ಮೂಲೆಯಲ್ಲಿ ಬೆಳ್ಳಿ ಬಳೆ, ಅದರಿಂದ ಬೆಳ್ಳಿ ಸರಪಳಿ, ಅದರ ತುದಿಯ ಕೊಂಡಿ ಪ್ಯಾಂಟಿನ ಬೆಲ್ಟಿಗೆ. ಬಿಲ್ಲೆಯನ್ನು ತೊಗಲಿಗೆ ಹಚ್ಚಿರುವುದು ಒಂದು ತಿರುಪಿನಿಂದ. ಒಳಗಿನಿಂದ ಒಂದು ರೂಪಾಯಿ ನಾಣ್ಯ ಹಾಕಿ ತಿರುಗಿಸಿದರೆ ಬಿಚ್ಚಿ ಬರುತ್ತದೆ. ಈ ತಿರುಪನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಬೆಲೆ ಕೇಳಬೇಡಿ. ನಾನು ಕೇಳಿದೆ, ಅವನು ಹೇಳಿದ, ಭಾವ ಎದ್ದು ಹೊರಗೆ ಹೋದರು. ಆ ದುಡ್ಡಿಗೆ ಒಂದು ಹೊಸ ಸ್ಪ್ಲೆಂಡರ್ ಬರುತ್ತಿತ್ತು.

ಸರಪಳಿ ಯಾಕೆ

ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಶನಿವಾರ ಭಾನುವಾರ ಬುಲೆಟ್. ಊರಿಗೆ ಬಂದರೆ ಜೋಗಿಮಟ್ಟಿ, ಮಾರಿಕಣಿವೆ, ಸೂಳೆಕೆರೆ ಅಂತ ಸುತ್ತುತ್ತಾನೆ. ಅವನಿಗೆ ಈ ವಾಲೆಟ್ಟಿನ ಇತಿಹಾಸ ಬಾಯಿಪಾಠ. ಅಮೆರಿಕದಲ್ಲಿ ಬೈಕಿನವರು, ಲಾರಿಯವರು ಹಿಂದಿನ ಜೇಬಿನಲ್ಲಿ ಉದ್ದ ಪರ್ಸ್ ಇಟ್ಟುಕೊಳ್ಳುತ್ತಿದ್ದರು. ಕುಲುಕಾಟಕ್ಕೆ ಅದು ಮೆಲ್ಲಗೆ ಮೇಲೆ ಬಂದು ಬಿದ್ದುಹೋಗುತ್ತಿತ್ತು. ಅದಕ್ಕೆ ಸರಪಳಿ. ಬೆಳ್ಳಿ ಬಿಲ್ಲೆ ಬಂದದ್ದು ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ಕಡೆಯಿಂದ. ಅವರು 19ನೇ ಶತಮಾನದಲ್ಲಿ ಮೆಕ್ಸಿಕೋದ ಅಕ್ಕಸಾಲಿಗರಿಂದ ಕೆಲಸ ಕಲಿತು, ಬೆಳ್ಳಿ ಡಾಲರುಗಳನ್ನೇ ಬಡಿದು, ಕರಗಿಸಿ ಬಿಲ್ಲೆ ಮಾಡಿ ಬೆಲ್ಟಿಗೆ ಹಚ್ಚುತ್ತಿದ್ದರು. ಆಮೇಲೆ 1988ರಲ್ಲಿ ಲಾಸ್ ಏಂಜಲೀಸಿನಲ್ಲಿ ಕ್ರೋಮ್ ಹಾರ್ಟ್ಸ್ ಅನ್ನುವವರು ಬೈಕಿನವರ ತೊಗಲು ಬಟ್ಟೆಗೆ ಬೆಳ್ಳಿಯ ಜಿಪ್ಪು, ಗುಂಡಿ ಹಾಕಿ ಮಾರಲು ಶುರು ಮಾಡಿದರು. ಟೋಕಿಯೋದ ಹರಾಜುಕುನಲ್ಲಿ ಗೊರೊ ತಕಹಾಶಿ ಅನ್ನುವ ಒಬ್ಬರು ಅದಕ್ಕೂ ಮುಂಚಿನಿಂದ ತೊಗಲು, ಬೆಳ್ಳಿ ಎರಡನ್ನೂ ಒಂದೇ ಕೈಯಲ್ಲಿ ಮಾಡುತ್ತಿದ್ದರು. 2013ರಲ್ಲಿ ಅವರು ತೀರಿಕೊಂಡ ಮೇಲೂ ಅವರ ಅಂಗಡಿ ಮುಂದೆ ಜನ ಸಾಲು ನಿಲ್ಲುತ್ತಾರಂತೆ.

ಇದೆಲ್ಲ ಕೇಳಲಿಕ್ಕೆ ಚೆಂದ. ಆದರೆ ನಮ್ಮ ಊರಿನ ಜೇಬಿಗೆ ಇದು ಸರಿ ಹೊಂದುವುದಿಲ್ಲ ಅನ್ನುವುದು ಮೊದಲ ದಿನವೇ ಗೊತ್ತಾಯಿತು. ವಾಲೆಟ್ ಮಾಡಿದ್ದು ಜಪಾನಿನ ನೋಟಿನ ಅಳತೆಗೆ. ಅವರ ಹತ್ತು ಸಾವಿರ ಯೆನ್ ನೋಟು 160 ಮಿಲಿಮೀಟರ್ ಉದ್ದ, 76 ಅಗಲ. ನಮ್ಮ ಐನೂರರ ನೋಟು 150 ಉದ್ದ, 66 ಅಗಲ. ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಜಾಸ್ತಿ. ಹಾಕಿದ ನೋಟು ಒಳಗೆ ಜಾರಾಡುತ್ತದೆ. ಹತ್ತು ರೂಪಾಯಿ ನೋಟಂತೂ ತಳ ಸೇರಿದರೆ ಎರಡು ಬೆರಳು ಹಾಕಿ ತೆಗೆಯಬೇಕು. ಹಳೆಯ ಸಾವಿರದ ನೋಟು ಇದ್ದಿದ್ದರೆ ಹೀಗೆ ಜಾರಾಡುತ್ತಿರಲಿಲ್ಲ, ಅದು ಯೆನ್ ನೋಟಿಗಿಂತಲೂ ಉದ್ದ. ಅದು 2016ರಲ್ಲೇ ಹೋಯಿತು. ಅದೇ ವರ್ಷ ಯುಪಿಐ ಬಂತು. ಈಗ ಮಂಡಕ್ಕಿ ಮೆಣಸಿನಕಾಯಿ ಗಾಡಿಯವರೂ ಸ್ಕ್ಯಾನರ್ ಇಟ್ಟಿದ್ದಾರೆ. ಡ್ರೈವಿಂಗ್ ಲೈಸೆನ್ಸ್, ಆರ್‌ಸಿ ಎರಡೂ ಡಿಜಿಲಾಕರ್‌ನಲ್ಲಿ ತೋರಿಸಿದರೆ ಪೊಲೀಸರು ಒಪ್ಪಬೇಕು ಅಂತ 2018ರಲ್ಲೇ ಕೇಂದ್ರದವರು ಹೇಳಿದ್ದಾರೆ. ಹಾಗಾದರೆ ಇದರಲ್ಲಿ ಹಾಕುವುದು ಏನನ್ನ?

ಇನ್ನೂ ಒಂದಿದೆ. ಇದನ್ನ ಹಿಂದಿನ ಜೇಬಿನಲ್ಲಿ ಇಟ್ಟುಕೊಂಡು ದಾವಣಗೆರೆಯಿಂದ ಬೆಂಗಳೂರಿನ ತನಕ ಕೂತು ನೋಡಿ. ದಪ್ಪ ಪರ್ಸಿನ ಮೇಲೆ ಒಂದೇ ಕಡೆ ಒತ್ತಿ ಕೂತರೆ ಕುಂಡಿಯಿಂದ ಕಾಲಿಗೆ ಇಳಿಯುವ ನರ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಲಾರಿ ಡ್ರೈವರುಗಳು ಪರ್ಸನ್ನ ಎದುರಿನ ಡ್ಯಾಶ್‌ಬೋರ್ಡ್ ಮೇಲೆ ಎಸೆಯುವುದು ಸುಮ್ನೆ ಅಲ್ಲ. ನಮ್ಮ ಹುಡುಗ ಮಾಡುವುದೇನು ಅಂದರೆ, ವಾಲೆಟ್ಟನ್ನ ಒಂದು ಬಟ್ಟೆಚೀಲದಲ್ಲಿ ಹಾಕಿ, ಅದನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೈಕಿನ ಪಕ್ಕದ ಬ್ಯಾಗಿನಲ್ಲಿ ಇಡುತ್ತಾನೆ. ಜೇಬಿನಲ್ಲಿ ಇರುವುದು ಹಳೆಯ ರೆಕ್ಸಿನ್ ಪರ್ಸು. ಚಹಾಕ್ಕೆ ನಿಲ್ಲಿಸಿದಾಗ ತೆಗೆದು ಸರಪಳಿ ಸಿಕ್ಕಿಸಿ ಫೋಟೋ ಹೊಡೆಸಿಕೊಂಡು ಮತ್ತೆ ಒಳಗೆ.

ನಗುವ ವಿಷಯ ಅಂತ ಮೊದಲು ನಾನೂ ನಕ್ಕೆ. ಆಮೇಲೆ ಅನ್ನಿಸಿತು, ತೊಗಲಿಗೆ ಲೋಹ ಹಚ್ಚಿ ಅಂದ ಮಾಡುವುದು ನಮಗೇನು ಹೊಸದಲ್ಲವಲ್ಲ. ಎತ್ತಿನ ಕೊರಳ ಪಟ್ಟಿ ನೆನಪಿದೆಯಾ? ದಪ್ಪ ತೊಗಲು, ಅದಕ್ಕೆ ಸಾಲಾಗಿ ಹಿತ್ತಾಳೆ ಗೆಜ್ಜೆ. ಕಾರಹುಣ್ಣಿಮೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯಿಸಿ ಕಟ್ಟುತ್ತಿದ್ದರು. ಅಂದಕ್ಕೆ ಅಂತ ಖರ್ಚು ಮಾಡುತ್ತಿದ್ದದ್ದು ಗಾಡಿ ಎಳೆಯುವ ಎತ್ತಿಗೆ. ಗಾಡಿ ಹೊಡೆಯುವವನ ಸೊಂಟದಲ್ಲಿ ಇರುತ್ತಿದ್ದದ್ದು ಬಟ್ಟೆಯ ಎಲೆಅಡಿಕೆ ಚಂಚಿ, ಅದರಲ್ಲೇ ಸುಣ್ಣದ ಡಬ್ಬಿ, ಅದರಲ್ಲೇ ಚಿಲ್ಲರೆ. ಈಗ ಎಳೆಯುವುದು ಎಂಜಿನ್. ಅದಕ್ಕೆ ಗೆಜ್ಜೆ ಕಟ್ಟಿದರೆ ಕೇಳಿಸುವುದಿಲ್ಲ. ಹಾಗಾಗಿ ಸಿಂಗಾರ ಓಡಿಸುವವನ ಪ್ಯಾಂಟಿಗೆ ಬಂದಿದೆ. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

(ಒಂದು ಮಾತು ಮಧ್ಯದಲ್ಲಿ. ಇವನ ಗೆಳೆಯನೊಬ್ಬ ತನಗೆ ಹೆಬ್ಬಾವಿನ ತೊಗಲಿನದು ಬೇಕು ಅಂತ ಹುಡುಕುತ್ತಿದ್ದಾನೆ. ಹುಡುಕುವವರು ಸ್ವಲ್ಪ ಕಾನೂನೂ ನೋಡಿಕೊಳ್ಳಿ. ನಮ್ಮ ಹೆಬ್ಬಾವು, ಉಡ, ಮೊಸಳೆ ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ವಿದೇಶಿ ಹಾವಿನದು ಅಂದರೂ ದೇಶದೇಶಗಳ ನಡುವೆ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ ಇದೆ, ಭಾರತ ಅದಕ್ಕೆ 1976ರಲ್ಲೇ ಸೇರಿದೆ. ಖಂಜೀರಕ್ಕೆ ಹಿಂದೆ ಉಡದ ತೊಗಲನ್ನೇ ಬಿಗಿಯುತ್ತಿದ್ದರು. ಈಗ ಆಡಿನದು, ಇಲ್ಲ ಸಿಂಥೆಟಿಕ್. ಸಂಗೀತದವರೇ ಬದಲಾಯಿಸಿಕೊಂಡಿದ್ದಾರೆ, ಬೈಕಿನವರಿಗೆ ಏನು ಕಷ್ಟ?)

ಅಮಾವಾಸ್ಯೆ ಸಂಜೆ

ದೀಪಾವಳಿ ಅಮಾವಾಸ್ಯೆ. ಭಾವನದು ಮಂಡಿಪೇಟೆ ಕಡೆ ಅಂಗಡಿ, ಹಾಗಾಗಿ ಅಕ್ಕನ ಮನೆಯಲ್ಲಿ ಲಕ್ಷ್ಮೀ ಪೂಜೆ ಜೋರು. ಮಂಟಪದ ಮುಂದೆ ನೋಟಿನ ಕಟ್ಟು, ಕಿರ್ದಿ ಪುಸ್ತಕ, ಬೆಳ್ಳಿ ನಾಣ್ಯದ ಡಬ್ಬಿ. ಹುಡುಗ ಸ್ನಾನ ಮಾಡಿ ಪಂಚೆ ಸುತ್ತಿಕೊಂಡು ಬಂದ, ಕೈಯಲ್ಲಿ ವಾಲೆಟ್.

"ಅಮ್ಮಾ, ಇದನ್ನೂ ಇಡು."

ಅಕ್ಕ ನೋಡಿದಳು. "ಏನೋ ಇದು? ತೊಗಲು ತಂದು ದೇವರ ಮುಂದೆ ಇಡು ಅಂತೀಯ?"

"ಬೆಳ್ಳಿನೂ ಇದೆಯಲ್ಲಮ್ಮ. ಲಕ್ಷ್ಮಿ ಪೂಜೆಗೆ ದುಡ್ಡಿನ ಪರ್ಸ್ ಇಡದೆ ಇನ್ನೇನು ಇಡ್ತಾರೆ?"

ಭಾವ ಮಧ್ಯೆ ಬಾಯಿ ಹಾಕಿದರು. "ನಮ್ಮಪ್ಪನ ಕಾಲದಲ್ಲಿ ಲೆಕ್ಕದ ಪುಸ್ತಕದ ಬೆನ್ನಿಗೆ ತೊಗಲೇ ಹಚ್ಚಿರ್ತಿತ್ತು ಕಣೇ. ಅದಕ್ಕೇ ಕುಂಕುಮ ಹಚ್ಚಿ ಪೂಜೆ ಮಾಡ್ತಿದ್ವಿ."

"ಪುಸ್ತಕ ಸರಸ್ವತಿ. ಅದು ಬೇರೆ, ಇದು ಬೇರೆ" ಅಂದಳು ಅಕ್ಕ. ಆ ಮಾತಿಗೆ ಯಾರೂ ಎದುರಾಡುವ ಹಾಗಿರಲಿಲ್ಲ. ವಾಲೆಟ್ಟನ್ನ ಒಂದು ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಒಳಗಿನ ತಿರುಪು ಕಣ್ಣಿಗೆ ಬಿತ್ತು. ಆರತಿ ತಟ್ಟೆಯಲ್ಲಿದ್ದ ಒಂದು ರೂಪಾಯಿ ತೆಗೆದು ಎರಡು ಸುತ್ತು ತಿರುಗಿಸಿದಳು. ಬಿಲ್ಲೆ ಅವಳ ಅಂಗೈಗೆ ಬಂತು. ತೊಗಲನ್ನ ಮಗನ ಕೈಗೆ ಕೊಟ್ಟು "ಇದನ್ನ ಟೀವಿ ಪಕ್ಕ ಇಡು" ಅಂದಳು. ಬಿಲ್ಲೆ ಹಿಡಿದುಕೊಂಡು ಅಡಿಗೆಮನೆಗೆ ಹೋದಳು.

ನಾವೆಲ್ಲ ಸಮಸ್ಯೆ ಬಗೆಹರಿಯಿತು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ದನಿ: "ಎಷ್ಟು ಕಪ್ಪಾಗಿದೆ ನೋಡ್ರಿ ಇದು. ಅಷ್ಟು ದುಡ್ಡು ತಗೊಂಡಿದಾರೆ, ಒಂದು ಸಲ ತಿಕ್ಕಿ ಕೊಡೋಕೇನಾಗಿತ್ತು ಅವರಿಗೆ?" ಹುಡುಗ ಎದ್ದು ಓಡಿದ. ತಡವಾಗಿತ್ತು. ಹುಣಸೆಹಣ್ಣು ಹಚ್ಚಿ, ಮೇಲೆ ವಿಭೂತಿ ಹಾಕಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದ್ದಳು. ನಮ್ಮ ಮನೆಗಳಲ್ಲಿ ಬೆಳ್ಳಿ ತೊಳೆಯುವುದೇ ಹಾಗೆ. ಸಂದಿನ ಕಪ್ಪು ಅರ್ಧಕ್ಕರ್ಧ ಹೋಗಿ, ಸೂರ್ಯನ ಮೂಗು ಕಣ್ಣು ಎಲ್ಲ ಒಂದೇ ಬಿಳಿಯಾಗಿ, ಬಿಲ್ಲೆ ಹೊಸ ಕುಂಕುಮ ಭರಣಿಯ ಮುಚ್ಚಳದ ಹಾಗೆ ಫಳಫಳ ಅನ್ನುತ್ತಿತ್ತು.

ಆ ಕಪ್ಪು ಕೊಳೆಯಲ್ಲ. ಬೇಕು ಅಂತಲೇ ಹಾಕಿದ್ದು. ಬೆಳ್ಳಿಗೆ ಗಂಧಕ ತಾಗಿದರೆ ಮೇಲೆ ಕಪ್ಪು ಪದರ ಕಟ್ಟುತ್ತದೆ. ಕೆಲಸದವರು ಇಡೀ ಬಿಲ್ಲೆಯನ್ನ ಗಂಧಕದ ನೀರಿನಲ್ಲಿ ಅದ್ದಿ ಕಪ್ಪು ಮಾಡಿ, ಆಮೇಲೆ ಉಬ್ಬಿದ ಕಡೆ ಮಾತ್ರ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಆಗ ಕೆತ್ತನೆ ಎದ್ದು ಕಾಣುತ್ತದೆ. ಹುಡುಗ ಇದನ್ನ ಅಳುವ ದನಿಯಲ್ಲಿ ವಿವರಿಸಿದ. ಅಕ್ಕ ಪೂರ್ತಿ ಕೇಳಿಸಿಕೊಂಡು, "ಕಪ್ಪಗಿರೋ ಬೆಳ್ಳಿ ದೇವರ ಮುಂದೆ ಇಡಲ್ಲ" ಅಂದಳು. ವೀಳ್ಯದೆಲೆಯ ಮೇಲೆ ಬಿಲ್ಲೆ ಇಟ್ಟು ಕುಂಕುಮ ಹಚ್ಚಿದಳು. ಟೀವಿ ಪಕ್ಕದಲ್ಲಿ ವಾಲೆಟ್, ನಡುವೆ ಒಂದು ತೂತು.

ಮಂಗಳಾರತಿ ಹೊತ್ತಿಗೆ ಓಣಿಯಲ್ಲಿ ಯಾರದೋ ಅಂಗಡಿ ಪೂಜೆಗೆ ಹಲಗೆ ಬಡಿಯುತ್ತಿದ್ದರು. ನನಗೆ ತಲೆ ಅಲ್ಲಿಗೆ ಹೋಯಿತು. ಹಲಗೆ ಅಂದರೆ ಏನು? ತೊಗಲು. ದುಗ್ಗಮ್ಮನ ಜಾತ್ರೆಯಲ್ಲಿ ತಮಟೆ ಇಲ್ಲದೆ ದೇವಿ ಮುಂದೆ ಹೋಗುವುದಿಲ್ಲ. ಭಜನೆಯ ತಬಲಾ ತೊಗಲು. ವೀರಗಾಸೆಯ ಸಂಬಾಳ ತೊಗಲು. ಸ್ವಾಮಿಗಳ ಫೋಟೋದಲ್ಲಿ ಅವರು ಕೂತಿರುವ ಹುಲಿಚರ್ಮ ಯಾರ ಮನೆಯ ಗೋಡೆಯಲ್ಲಿ ಇಲ್ಲ? ಸದ್ದು ಮಾಡುವ ತೊಗಲು ಒಳಗೆ ಬರಬಹುದು, ಸ್ವಾಮಿಗಳ ಕೆಳಗಿನ ತೊಗಲೂ ಬರಬಹುದು. ಹಾಗಾದರೆ ಹೊರಗಿಡುವುದು ತೊಗಲನ್ನಲ್ಲ. ಅದನ್ನ ಹದ ಮಾಡಿ ಹೊಲಿದ ಕೈಯನ್ನ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರ ಹಾಗೆ ಚಪ್ಪಲಿ ಸ್ಟ್ಯಾಂಡು ಅಂತೀವಿ, ಮಡಿ ಅಂತೀವಿ.

ಹರಳಯ್ಯನ ಕಥೆ ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಬಸವಣ್ಣ ತಿರುಗಿ ಹೇಳಿದ ಒಂದು ಶರಣಾರ್ಥಿ ಹೆಚ್ಚಾಯಿತು ಅಂತ, ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದರು. ಬಸವಣ್ಣ ಅದನ್ನ ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡ. ಪ್ರವಚನದಲ್ಲಿ ಇಲ್ಲಿಗೆ ಬಂದಾಗ ಎಲ್ಲರ ಕಣ್ಣಲ್ಲೂ ನೀರು. ನನ್ನ ಕಣ್ಣಲ್ಲೂ ಬಂದಿದೆ. ಆದರೆ ಈಚೆಗೆ ಒಂದು ಸಣ್ಣ ತಕರಾರು. ಆ ಚಮ್ಮಾವುಗೆಯ ಹೊಲಿಗೆ ಹೇಗಿತ್ತು ಅಂತ ನಾನು ಕೇಳಿದ ಯಾವ ಪ್ರವಚನದಲ್ಲೂ ಒಂದು ಮಾತಿಲ್ಲ. ಹರಳಯ್ಯ ಅಷ್ಟು ದೊಡ್ಡ ಭಕ್ತ ಸರಿ. ಅಷ್ಟೇ ದೊಡ್ಡ ಕೆಲಸಗಾರನೂ ಆಗಿರಬೇಕಲ್ಲ? ಅಂಚು ಹೇಗೆ ಮಡಿಸಿದ, ಅಟ್ಟೆಗೆ ಉಂಗುಷ್ಠ ಹೇಗೆ ಕೂರಿಸಿದ? ಚಿತ್ರದುರ್ಗದಲ್ಲಿ ಮಾದಾರ ಚನ್ನಯ್ಯನ ಹೆಸರಿನ ಗುರುಪೀಠ ಇದೆ, ಜಯಂತಿಗಳು ನಡೆಯುತ್ತವೆ, ಫ್ಲೆಕ್ಸ್ ಬೀಳುತ್ತವೆ. ಭಕ್ತಿಯನ್ನ ತಲೆ ಮೇಲೆ ಇಟ್ಟುಕೊಂಡೆವು. ಹೊಲಿಗೆಯನ್ನ ಮಾತ್ರ ಬಾಗಿಲ ಹೊರಗೇ ಬಿಟ್ಟೆವು ಅನ್ನಿಸುತ್ತದೆ.

ಕಪ್ಪು ಮಾಡಿಕೊಡಿ ಅಂತ ಬಂದವನು

ಪಾಡ್ಯ ಕಳೆದ ಮೇಲೆ ಹುಡುಗ ನನ್ನನ್ನ ಎಬ್ಬಿಸಿಕೊಂಡು ಪೇಟೆಗೆ ಹೊರಟ. "ಮಾಮ, ನೀವು ಬನ್ನಿ, ಅವರಿಗೆ ನೀವು ಪರಿಚಯ" ಅಂತ. ನಮ್ಮ ಮನೆಯ ಕರಡಿಗೆಗಳನ್ನೆಲ್ಲ ಮಾಡಿಕೊಟ್ಟ ಅಕ್ಕಸಾಲಿಗರು. ಅಂಗಡಿ ಅಂದರೆ ಒಂದು ಬಾಗಿಲು, ಒಂದು ತಕ್ಕಡಿ, ಒಂದು ಫ್ಯಾನು. ಬಿಲ್ಲೆ ಕೈಗೆ ಕೊಟ್ಟು ವಿಷಯ ಹೇಳಿದೆವು.

"ಬಿಳಿ ಮಾಡಿಕೊಡ್ರಿ ಅಂತ ಬರ್ತಾರೆ ಜನ. ಕಪ್ಪು ಮಾಡಿಕೊಡ್ರಿ ಅಂತ ಬಂದೋನು ನೀನೇ ಮೊದಲು ನೋಡಪ್ಪ" ಅಂದರು. ಆದರೂ ಕನ್ನಡಕ ಏರಿಸಿದರು. ಹಿಂದೆ ಒತ್ತಿದ್ದ 925 ಮುದ್ರೆ ನೋಡಿದರು. ನೂರಕ್ಕೆ ತೊಂಬತ್ತೆರಡೂವರೆ ಬೆಳ್ಳಿ, ಉಳಿದದ್ದು ತಾಮ್ರ. ಅಪ್ಪಟ ಬೆಳ್ಳಿ ತೀರಾ ಮೆತ್ತಗೆ, ತಿರುಪು ಹಾಕಿದರೆ ಎಳೆ ನಿಲ್ಲುವುದಿಲ್ಲ, ಅದಕ್ಕೇ ತಾಮ್ರ ಬೆರೆಸಿದ್ದಾರೆ ಅಂತ ಅವರೇ ವಿವರಿಸಿದರು. ಎರಕ ಹೊಯ್ದು ಆಮೇಲೆ ಉಳಿಯಲ್ಲಿ ತಿದ್ದಿದ್ದು ಅಂತಲೂ ಹೇಳಿದರು. ಸರಪಳಿ ಸಮೇತ ತೂಗಿ ಅವತ್ತಿನ ದರಕ್ಕೆ ಲೆಕ್ಕ ಹಾಕಿದರು. ಬೆಳ್ಳಿ ಕೆಜಿಗೆ ಲಕ್ಷ ದಾಟಿದ ಮೇಲೂ ಹುಡುಗ ಕೊಟ್ಟ ದುಡ್ಡಿನ ಕಾಲು ಭಾಗ ಬರಲಿಲ್ಲ. "ಉಳಿದದ್ದೆಲ್ಲ ಮಜೂರಿ" ಅಂದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚು ಇತ್ತೇನೋ. ಇಲ್ಲಿ ಮಜೂರಿ ಅಂದರೆ ಗ್ರಾಂ ಲೆಕ್ಕದಲ್ಲಿ ಜಗ್ಗಾಡಿ ಕೊಡುವ ದುಡ್ಡು. ಮದುವೆಗೆ ಬೆಳ್ಳಿ ತಟ್ಟೆ ಮಾಡಿಸುವವರು ಮಜೂರಿಯಲ್ಲೇ ಐನೂರು ಬಿಡಿ ಅಂತಾರೆ.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಇಷ್ಟವಾಯಿತು. ವಾಲೆಟ್ ತೆಗೆದುಕೊಂಡು, ಮುಂದಿನ ಬಿಲ್ಲೆಯ ಜಾಗ ನೋಡಲೇ ಇಲ್ಲ. ನೇರವಾಗಿ ಮೂಲೆಯ ಬಳೆಗೆ ಹೋದರು. ಸರಪಳಿ ಬಂದು ಸೇರುವ ಜಾಗ. ಉಗುರು ತಾಗಿಸಿ ತೋರಿಸಿದರು. "ಕರಡಿಗೇನೂ ಇಲ್ಲೇ ಮೊದಲು ಸವೆಯೋದು, ಶಿವದಾರ ಪೋಣಿಸೋ ಬಳೆ ಹತ್ರ. ದಾರ ಮೆತ್ತಗಿದ್ರೂ ಬೆಳ್ಳಿನ ತಿಂತದೆ. ಇಲ್ಲಿ ಉಲ್ಟಾ. ಬೆಳ್ಳಿ ದಾರ ತಿಂತಿದೆ ನೋಡು." ನೋಡಿದರೆ ಹೌದು. ಬಳೆ ಉಜ್ಜಿ ಉಜ್ಜಿ ಎರಡು ಹೊಲಿಗೆ ಎಳೆ ಬಿಟ್ಟುಕೊಂಡಿತ್ತು. ಅಷ್ಟು ಪ್ರೀತಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವ ಹುಡುಗ ಇದನ್ನ ಗಮನಿಸಿಯೇ ಇರಲಿಲ್ಲ.

ಕಪ್ಪಿನ ಕೆಲಸ ಅವರು ಒಪ್ಪಲಿಲ್ಲ, ಗಂಧಕದ ವಾಸನೆ ಅಂಗಡಿಯಲ್ಲಿ ಬೇಡ ಅಂದರು. ಹುಡುಗ ಯೂಟ್ಯೂಬಿನಲ್ಲಿ ದಾರಿ ಹುಡುಕಿದ. ಬೇಯಿಸಿದ ಮೊಟ್ಟೆ ಪುಡಿ ಮಾಡಿ ಬೆಳ್ಳಿಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಮೊಟ್ಟೆಯ ಗಂಧಕ ಆವಿಯಾಗಿ ಬಂದು ಬೆಳ್ಳಿ ಕಪ್ಪಾಗುತ್ತದಂತೆ. ಸುಲಭ ಅಲ್ವಾ? ಅಲ್ಲ. ಅಕ್ಕನ ಮನೆ. ತೊಗಲಾದರೂ ನಡುಮನೆಯ ತನಕ ಬರುತ್ತದೆ, ಮೊಟ್ಟೆ ಗೇಟಿನ ಒಳಗೂ ಬರುವ ಹಾಗಿಲ್ಲ. ಸಂಜೆ ಪಿ.ಬಿ. ರೋಡಿನ ಎಗ್ ರೈಸ್ ಗಾಡಿಯಲ್ಲಿ ಎರಡು ಬೇಯಿಸಿದ ಮೊಟ್ಟೆ ಪಾರ್ಸಲ್ ತೆಗೆದುಕೊಂಡೆವು. ಉಪ್ಪು ಖಾರ ಬೇಡ ಅಂದಿದ್ದಕ್ಕೆ ಗಾಡಿಯವನು ಅನುಮಾನದಿಂದ ನೋಡಿದ. ಅಲ್ಲೇ ನನ್ನ ಸ್ಕೂಟರಿನ ಸೀಟು ಎತ್ತಿ, ಡಬ್ಬಿಯಲ್ಲಿ ಮೊಟ್ಟೆ, ಬಿಲ್ಲೆ ಎರಡನ್ನೂ ಹಾಕಿ ಮುಚ್ಚಿ, ಸ್ಕೂಟರನ್ನ ಗೇಟಿನ ಹೊರಗೇ ನಿಲ್ಲಿಸಿದೆವು. ಮೊನ್ನೆ ಲಕ್ಷ್ಮಿ ಮುಂದೆ ಕುಂಕುಮ ಹಚ್ಚಿಸಿಕೊಂಡಿದ್ದ ಬೆಳ್ಳಿ ಅದು. ಬೆಳಗ್ಗೆ ತೆಗೆದರೆ ಕಂದುಗಪ್ಪು. ಬಟ್ಟೆಯಲ್ಲಿ ಉಬ್ಬು ಕಡೆ ಒರೆಸಿದ ಮೇಲೆ ಸೂರ್ಯನಿಗೆ ಮತ್ತೆ ಕಣ್ಣು ಬಂತು. ಅಕ್ಕ ಮೊಬೈಲಿನಲ್ಲಿ ಇಷ್ಟುದ್ದದ್ದು ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ ಇದನ್ನ ಬರೆಯುತ್ತಿದ್ದೇನೆ.

ಎರಡು ಸೂಜಿ

ಎಳೆ ಬಿಟ್ಟ ಹೊಲಿಗೆಗೆ ಯಾರು? ಬೆಂಗಳೂರಿನಲ್ಲಿ ಒಬ್ಬರಿದ್ದಾರೆ, ಬುಕಿಂಗ್ ಮಾಡಬೇಕು ಅಂದ ಹುಡುಗ. ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಮರದ ಕೆಳಗೆ ಕೂರುವವರ ಹತ್ತಿರ ಕರೆದುಕೊಂಡು ಹೋದೆ. ಗೋಣಿತಾಟು, ಒಂದು ಕಲ್ಲು, ರಂಪಿಗೆ, ಉಳಿ, ಮೇಣದ ಉಂಡೆ, ಮೇಲೆ ಛತ್ರಿ. ವಾಲೆಟ್ ಕೈಗೆ ತೆಗೆದುಕೊಂಡು ಹೆಬ್ಬೆರಳಲ್ಲಿ ಕಾಳಿನ ಮೈ ಸವರಿದರು. "ಪ್ಲಾಸ್ಟಿಕ್ಕೇನ್ರಿ?" ಮೀನಿನದು ಅಂದೆ. ಮೂಸಿ ನೋಡಿದರು. ನಂಬಿದ ಹಾಗೆ ಕಾಣಲಿಲ್ಲ. ಒಳಗಡೆ ತಿರುಗಿಸಿದ್ದೇ ಮುಖ ಬದಲಾಯಿತು.

"ಇದು ಎರಡು ಸೂಜಿ ಹೊಲಿಗೆ ಐತಿ ಸರ. ಮಿಷನ್ದಲ್ಲ."

ಒಂದೇ ದಾರ, ಎರಡೂ ತುದಿಗೆ ಸೂಜಿ. ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಹಾಯಿಸಿ ಎಳೆಯುವುದು. ಮಿಷನ್ ಹೊಲಿಗೆಯಲ್ಲಿ ಮೇಲಿನ ದಾರ ಬೇರೆ, ಕೆಳಗಿನದು ಬೇರೆ, ನಡುವೆ ಸಿಕ್ಕಿಕೊಂಡಿರುತ್ತವೆ ಅಷ್ಟೆ. ಒಂದು ಕಡೆ ಹರಿದರೆ ಸರ್ರನೆ ಬಿಚ್ಚಿಕೊಂಡು ಹೋಗುತ್ತದೆ. ಎರಡು ಸೂಜಿಯದು ಹಾಗಲ್ಲ. ಒಂದು ಎಳೆ ಹೋದರೂ ಅದೇ ತೂತಿನಲ್ಲಿ ಇನ್ನೊಂದು ಹಿಡಿದುಕೊಂಡಿರುತ್ತದೆ. "ಅದಕ್ಕ ಇನ್ನಾ ನಿಂತೈತಿ. ಇಲ್ಲಂದ್ರ ಬಳಿ ಕಿತ್ಕಂಡು ಬರ್ತಿತ್ತು" ಅಂದರು.

ಹಾಗೇ ಮಾತು ಅವರ ಅಪ್ಪನ ಕಡೆ ಹೋಯಿತು. ಜಗಳೂರು ಕಡೆಯ ಊರು. ಅಪ್ಪ ಊರಲ್ಲೇ ತೊಗಲು ಹದ ಮಾಡುತ್ತಿದ್ದರಂತೆ. ಸುಣ್ಣದ ಗುಂಡಿಯಲ್ಲಿ ನೆನೆಸಿ ಕೂದಲು ತೆಗೆದು, ಆಮೇಲೆ ತಂಗಡಿ ಚಕ್ಕೆಯ ನೀರು, ಕೊನೆಗೆ ಅಳಲೆಕಾಯಿ. ವಾರಗಟ್ಟಲೆ ಕೆಲಸ. ತಂಗಡಿ ಗಿಡ ನೀವು ನೋಡಿರುತ್ತೀರಿ. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆ ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ. ಈ ಹೆದ್ದಾರಿಯಲ್ಲಿ ಬೈಕ್ ಓಡಿಸುವವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರುತ್ತಾರೆ. ಅದರ ತೊಗಟೆಯಲ್ಲಿ ಹದ ಮಾಡಿದ ತೊಗಲು ಒಂದು ಕಾಲದಲ್ಲಿ ದಕ್ಷಿಣ ಭಾರತದಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಈಗ ಬಹುಪಾಲು ಎಲ್ಲ ಕಡೆ ಕ್ರೋಮಿಯಂ ಉಪ್ಪು ಹಾಕಿ ಬೇಗ ಬೇಗ ಹದ ಮಾಡುತ್ತಾರೆ. ಮರದ ಕೆಳಗಿನ ಈ ಮನುಷ್ಯರಂತೂ ತೊಗಲು ಮುಟ್ಟುವುದೇ ಅಪರೂಪ. ದಿನವಿಡೀ ಬರುವುದು ಸ್ಕೂಲ್ ಬ್ಯಾಗಿನ ಜಿಪ್ಪು, ರಬ್ಬರ್ ಚಪ್ಪಲಿಯ ಉಂಗುಷ್ಠ, ಮಾಡುವುದು ಹೆಚ್ಚಾಗಿ ಅಂಟು ಹಚ್ಚುವ ಕೆಲಸ. ಒಳಗಿನ ಜೇನು ಬಣ್ಣದ ತೊಗಲನ್ನ ಅವರು ಎರಡು ಸಲ ಮೂಸಿದರು. "ಇದು ಮರದ ಚಕ್ಕಿಯಾಗ ಹದ ಮಾಡಿದ್ದು" ಅಂದರು. ಹುಡುಗ ಬೆರಗಾಗಿ ನನ್ನ ಕಡೆ ನೋಡಿದ. ಅವನಿಗೆ ಅದು ಗೊತ್ತಿದ್ದದ್ದು ಬಿಲ್ಲಿನಲ್ಲಿ ಬರೆದಿದ್ದರಿಂದ.

ಕಾಳಿನ ಮೇಲೆ ಹೊಸ ತೂತು ಹಾಕಲು ಹೋಗಲಿಲ್ಲ. ಹಾಕಿದರೆ ಸೂಜಿ ಮುರಿಯುತ್ತದೆ ಅಂತ ಹಳೆಯ ತೂತುಗಳನ್ನೇ ಹುಡುಕಿದರು. ದಾರಕ್ಕೆ ಮೇಣ ಎಳೆದು, ಎರಡು ಸೂಜಿ ಪೋಣಿಸಿ, ಬಿಟ್ಟುಹೋದ ಎಳೆಗಿಂತ ಸ್ವಲ್ಪ ಹಿಂದಿನಿಂದ ಹಿಡಿದು, ಬಳೆ ದಾಟಿ ಇನ್ನೂ ಮೂರು ತೂತು ಮುಂದಕ್ಕೆ ಹೋದರು. ಬಳೆಯ ಅಡಿಗೆ ಒಂದು ಚೂರು ತೊಗಲು ಸೇರಿಸಿದರು, ಇನ್ನು ಮುಂದೆ ಬೆಳ್ಳಿ ದಾರಕ್ಕೆ ತಾಗದ ಹಾಗೆ. ಅದನ್ನ ಯಾರೂ ಕೇಳಿರಲಿಲ್ಲ. ಜಪಾನಿನವರೂ ಹಾಕಿರಲಿಲ್ಲ. ಎಷ್ಟು ಅಂದರೆ ನಲವತ್ತು ರೂಪಾಯಿ ಅಂದರು. ಹುಡುಗ ಐನೂರು ಕೊಟ್ಟು ಇಟ್ಟುಕೊಳ್ಳಿ ಅಂದ. ಅವರು ಪಕ್ಕದ ಹೂವಿನವರ ಹತ್ತಿರ ಚಿಲ್ಲರೆ ತಂದು ನಾನೂರ ಅರವತ್ತು ಎಣಿಸಿ ಕೊಟ್ಟರು. ಆ ನೋಟುಗಳೆಲ್ಲ ಉದ್ದ ವಾಲೆಟ್ಟಿನ ತಳ ಸೇರಿದವು.

ಆ ನಲವತ್ತು ರೂಪಾಯಿ ನನ್ನನ್ನ ಕಾಡುತ್ತಿದೆ. ಕರುಣೆಯ ಮಾತಲ್ಲ ಇದು. ಕೆಲಸ ಗೊತ್ತಿಲ್ಲದವರಿಗೆ ಕಮ್ಮಿ ಕೊಟ್ಟರೆ ಅದೊಂದು ಲೆಕ್ಕ. ಇವರು ಮೂಸಿ ನೋಡಿ ಹದ ಯಾವುದು ಅಂತ ಹೇಳುವವರು. ಅಲ್ಲಿ ಮಜೂರಿ ಮುಕ್ಕಾಲು, ಬೆಳ್ಳಿ ಕಾಲು. ಇಲ್ಲಿ ಮಜೂರಿ ಅಂದರೆ ಚಿಲ್ಲರೆ. ಹುಡುಗ ದುಬಾರಿ ವಾಲೆಟ್ ತಂದು ದುಡ್ಡು ಹಾಳು ಮಾಡಿದ ಅಂತ ಭಾವ ಈಗಲೂ ಬೈಯುತ್ತಾರೆ. ನಾನು ಅವನ ಪರ. ಹೊಲಿಗೆಗೆ ಅಷ್ಟು ಬೆಲೆ ಇರಬಹುದು ಅಂತ ನಮ್ಮ ಮನೆಯಲ್ಲಿ ಮೊದಲು ಒಪ್ಪಿದವನು ಅವನೇ. ಆ ಬೆಲೆ ತೆರಲು ಅವನು ಜಪಾನಿನ ತನಕ ಹೋಗಬೇಕಾಯಿತು, ಅಷ್ಟೇ ನನ್ನ ಬೇಜಾರು.

ನಾನೂ ಒಂದು ಮಾಡಿಸಲು ಹೊರಟಿದ್ದೇನೆ. ಮೀನು, ಹಾವು ಬೇಡ. ಎಮ್ಮೆ ತೊಗಲು, ಮರದ ಚಕ್ಕೆಯಲ್ಲಿ ಹದ ಮಾಡಿದ್ದೇ ಬೇಕು ಅಂತ ಬೆಂಗಳೂರಿನಿಂದ ತರಿಸಿಕೊಂಡೆ. ಅಳತೆ ನಮ್ಮ ಐನೂರರ ನೋಟಿಗೆ. ಸರಪಳಿ ಬೇಡ, ನನ್ನದು ಸ್ಕೂಟರ್. ಮುಚ್ಚಲು ಒಂದು ಬೆಳ್ಳಿ ಗುಂಡಿ. ಅದಕ್ಕೆ ಹಳೆಯ ರಾಜನ ತಲೆಯ ಒಂದು ರೂಪಾಯಿ ಕೊಂಡೆ. ಒಂದು ತೊಲ ತೂಕ, ಅಂದರೆ 11.66 ಗ್ರಾಂ. ಅಕ್ಕನ ಡಬ್ಬಿಯಲ್ಲಿ ಇಂಥವು ಬೇಕಾದಷ್ಟಿವೆ. ಕೇಳುವ ಧೈರ್ಯ ಆಗಲಿಲ್ಲ. ಮಜೂರಿ ನೀವೇ ಹೇಳಿ, ನಾನು ಚೌಕಾಸಿ ಮಾಡಲ್ಲ ಅಂತ ಇಬ್ಬರಿಗೂ ಹೇಳಿದ್ದೇನೆ. ಇಬ್ಬರೂ ಇನ್ನೂ ಹೇಳಿಲ್ಲ.

ಅಕ್ಕಸಾಲಿಗರು ನಾಣ್ಯದ ಹಿಂದೆ ತಿರುಪಿನ ಕಾಲು ಬೆಸೆದು ಕೊಟ್ಟಿದ್ದಾರೆ. ತೊಗಲಿಗೆ ಹಚ್ಚಿಕೊಡಿ ಅಂದಿದ್ದಕ್ಕೆ, "ಅದು ನೀವೇ ಹಚ್ಚಿಸ್ಕೊಳ್ರಿ, ನಾನು ಬಿಡಿಯಾಗಿ ಕೊಡ್ತೀನಿ" ಅಂದರು. ಹುಡುಗನ ವಾಲೆಟ್ಟನ್ನ ಅಷ್ಟು ಹೊತ್ತು ಕೈಯಲ್ಲಿ ಹಿಡಿದು ನೋಡಿದವರು ಅವರೇ. ಮರದ ಕೆಳಗಿನವರು ತೊಗಲು ಕತ್ತರಿಸಿ, ಅಂಚು ಉಜ್ಜಿ, ಅರ್ಧ ಹೊಲಿದಿದ್ದಾರೆ. ನಾಣ್ಯ ಕೊಡಲು ಹೋದರೆ ಅವರು ಕೈ ಚಾಚಲಿಲ್ಲ. "ಬೆಳ್ಳಿ ನನ್ನ ಹತ್ರ ಬಿಟ್ಟು ಹೋಗಬ್ಯಾಡ್ರಿ ಸರ. ಹೆಚ್ಚು ಕಮ್ಮಿ ಆದ್ರ ನಾನು ಎಲ್ಲಿಂದ ತಂದು ಕೊಡ್ಲಿ. ನೀವು ಬಂದು ಕುಂತಾಗ ಹಚ್ತೀನಿ" ಅಂದರು. ಗುರುವಾರ ಬೆಳಗ್ಗೆ ಹತ್ತಕ್ಕೆ ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ. ಆಫೀಸಿಗೆ ಅರ್ಧ ದಿನ ರಜೆ ಬರೆದುಕೊಟ್ಟಾಗಿದೆ. ಕಾರಣ ಅನ್ನುವ ಕಡೆ ಸ್ವಂತ ಕೆಲಸ ಅಂತ ಬರೆದೆ.